ಅರಿಶಿನ ಹಿಡಿಯುವ ಕಾಗದ

ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಪ್ರೆಸ್ಸಿದೆ. ಪ್ರೆಸ್ಸು ಅಂದರೆ ದೊಡ್ಡದೇನಲ್ಲ. ಎರಡು ರೂಮು, ಒಂದು ಕಂಪ್ಯೂಟರು, ಸ್ಕ್ರೀನ್ ಪ್ರಿಂಟಿಂಗ್ ಮೇಜು, ಕಾಗದ ಕತ್ತರಿಸುವ ಮೆಷಿನ್ನು ಅಷ್ಟೇ. ದೊಡ್ಡ ಕೆಲಸ ಬಂದರೆ ಮೈಸೂರಿಗೆ ಹೋಗಿ ಆಫ್‌ಸೆಟ್ಟಿನಲ್ಲಿ ಮಾಡಿಸಿಕೊಂಡು ಬರುತ್ತೇನೆ. ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದಲೂ ಮದುವೆ ಕಾರ್ಡಿಗೆ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಕಣ್ಣು ಮುಚ್ಚಿಸಿ ಕೈಗೊಂದು ಹಾಳೆ ಕೊಟ್ಟರೂ ಅದು ಯಾವ ಕಾಗದ, ಎಷ್ಟು ದಪ್ಪ ಅಂತ ಹೇಳಿಬಿಡುತ್ತೇನೆ. ಆ ಜಂಬವೇ ನನ್ನನ್ನು ಹಾಳು ಮಾಡಿದ್ದು.

ನಮ್ಮ ಕಡೆ ಕಾಗದಕ್ಕೂ ಶುಭ ಅಶುಭ ಅಂತ ಇದೆ. ಮದುವೆ ಕಾರ್ಡಾದರೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಮೊದಲನೆಯದನ್ನು ದೇವರ ಮುಂದಿಟ್ಟು ಆಮೇಲೆ ಹಂಚುತ್ತಾರೆ. ಅಂಥ ಕಾರ್ಡು ಟಿ.ವಿ. ಪಕ್ಕದಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ. ತಿಥಿ ಕಾರ್ಡಿಗೆ ಆ ಭಾಗ್ಯ ಇಲ್ಲ. ಬಾಗಿಲಾಚೆ ನಿಂತು ಓದುತ್ತಾರೆ, ಅಯ್ಯೋ ಪಾಪ ಅನ್ನುತ್ತಾರೆ, ಯಾವತ್ತು ಎಲ್ಲಿ ಅನ್ನೋದನ್ನು ತಲೆಯಲ್ಲಿಟ್ಟುಕೊಂಡು ಅಲ್ಲೇ ಹರಿದು ಹಾಕುತ್ತಾರೆ. ಸತ್ತವರ ಕಾಗದ ಹೊಸಿಲು ದಾಟಬಾರದು. ಹಾಗಾಗಿ ತಿಥಿ ಕಾರ್ಡು ಮಾಡಿಸಲು ಬಂದವರು ಒಳ್ಳೆ ಕಾಗದ ಕೇಳಿದರೆ ನಾನೇ ಬೇಡ ಅನ್ನುತ್ತೇನೆ. "ಹರ್ದಾಕೋದ್ಕೆ ಆರ್ಟ್ ಪೇಪರ್ ಯಾಕಣ್ಣ? ಸುಮ್ಕೆ ಇರಿ" ಅಂತ ಎಷ್ಟು ಜನಕ್ಕೆ ಬುದ್ಧಿ ಹೇಳಿದ್ದೇನೋ.

ನಮ್ಮವ್ವ ಸೋಬಾನೆ ಹೇಳುವವಳು. ಹುಟ್ಟಿದ್ದು ಅಕ್ಕಿಹೆಬ್ಬಾಳು, ಕೊಟ್ಟಿದ್ದು ಪಾಲಹಳ್ಳಿಗೆ. ಎರಡೂರ ನಡುವೆ ಎಷ್ಟು ನೆಂಟರಿದ್ದರೋ ಅಷ್ಟೂ ಮನೆಯ ಮದುವೆಗೆ ಅವ್ವ ಹೋಗಿ ಅರಿಶಿನ ಕುಟ್ಟುವ ಪದ, ಹಸೆಗೆ ಕರೆಯುವ ಪದ, ಹೆಣ್ಣು ಒಪ್ಪಿಸುವ ಪದ ಹೇಳುತ್ತಿದ್ದಳು. ಅವ್ವ ಮುಂದೆ ಹೇಳಿದರೆ ಅಕ್ಕಿಹೆಬ್ಬಾಳಿನ ಅತ್ತೆ, ಅಂದರೆ ಅವ್ವನ ಅತ್ತಿಗೆ, ಹಿಂದೆ ಹೇಳುತ್ತಿದ್ದಳು. ಇಬ್ಬರೂ ಸೇರಿದರೆ ಹೆಣ್ಣಿನ ಕಡೆಯವರಿರಲಿ, ಚಪ್ಪರದ ಕಂಬ ಕಟ್ಟುವವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಈಗ ಕಲ್ಯಾಣ ಮಂಟಪ, ಆರ್ಕೆಸ್ಟ್ರಾ, ಎದೆ ನಡುಗಿಸುವ ಸ್ಪೀಕರು. ಅವ್ವನನ್ನು ಊಟಕ್ಕೆ ಕರೆಯುತ್ತಿದ್ದರು, ಪದಕ್ಕೆ ಕರೆಯುತ್ತಿರಲಿಲ್ಲ.

ಒಂದು ದಿನ ಪ್ರೆಸ್ಸಿಗೆ ಬಂದವಳು ಮೂಲೆಯ ಸ್ಟೂಲಿನ ಮೇಲೆ ಕೂತು ನಾನು ಮಾಡಿದ ಕೆಲಸವನ್ನೆಲ್ಲ ತಿರುವಿ ಹಾಕಿದಳು. ಆಮೇಲೆ ಕೇಳಿದಳು.

"ಊರೋರ್ದೆಲ್ಲ ಅಚ್ಚಾಕ್ತೀಯಲ್ಲ ಅಮ್ಮೀ, ನನ್ ಪದಾನೂ ಒಂದು ಪುಸ್ತಕ ಮಾಡ್ಕೊಡು. ಮನೆಮನೆಗೊಂದು ಕೊಡ್ತೀನಿ. ಮನೇಲಿ ಬಿದ್ದಿದ್ರೆ ಯಾವತ್ತಾದ್ರೂ ಯಾವ್ಳಾದ್ರೂ ಒಬ್ಳು ತಗ್ದು ಹೇಳ್ಯಾಳು."

ಅವ್ವ ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ಒಂದು ಸೀರೆ ಕೊಡಿಸುತ್ತೇನೆ ಅಂದರೂ "ಇರೋವೇ ಕೊಳೀತಾ ಅವೆ" ಅನ್ನುವವಳು. ನನಗೆ ಹುಚ್ಚು ಹಿಡಿದಂತಾಯಿತು. ಭಾನುವಾರವೆಲ್ಲ ಪಾಲಹಳ್ಳಿಗೆ ಹೋಗಿ ಅವಳ ಪಕ್ಕ ಕೂತು ಮೊಬೈಲಿನಲ್ಲಿ ಪದ ಹಿಡಿದುಕೊಂಡೆ, ವಾರವಿಡೀ ಕೂತು ಟೈಪ್ ಮಾಡಿದೆ. ಯುಗಾದಿ ಹೊತ್ತಿಗೆ ಪದಗಳೆಲ್ಲ ಕಂಪ್ಯೂಟರಿನಲ್ಲಿದ್ದವು. ಅವತ್ತೇ ಸಾಧಾರಣ ಕಾಗದಕ್ಕೆ ಹೊಡೆದು ಪಿನ್ನು ಹಾಕಿ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು.

ಕೊಡಲಿಲ್ಲ. ಊರವರ ಮದುವೆ ಕಾರ್ಡಿಗೆ ಅಷ್ಟು ನಾಜೂಕು ಮಾಡುವವಳು ಅವ್ವನ ಪುಸ್ತಕಕ್ಕೆ ಪಿನ್ನು ಹೊಡೆಯೋದೇ? ನಾಲ್ಕು ಥರದ ಕಾಗದ ತಗೊಂಡು ಹೋಗಿ ಅವಳ ಮುಂದೆ ಹರವಿದೆ. ಮಿರಮಿರ ಮಿಂಚುವ ಆರ್ಟ್ ಪೇಪರು, ನೋಟ್‌ಬುಕ್ಕಿನ ಥರದ ಬಿಳಿ ಮ್ಯಾಪ್‌ಲಿಥೋ, ಕೆನೆ ಬಣ್ಣದ್ದು ಎರಡು, ಒಂದು ತೆಳು ಒಂದು ದಪ್ಪ. ಅವ್ವ ಯಾವುದನ್ನೂ ಕೈಯಲ್ಲಿ ಹಿಡಿದು ನೋಡಲಿಲ್ಲ. ಎದ್ದು ಹೋಗಿ ಬಟ್ಟಲಲ್ಲಿ ಅರಿಶಿನ ಕಲೆಸಿಕೊಂಡು ಬಂದು ಒಂದೊಂದರ ಮೂಲೆಗೂ ಬೆರಳಿನಿಂದ ಹಚ್ಚಿದಳು. ಆರ್ಟ್ ಪೇಪರಿನ ಮೇಲೆ ಅರಿಶಿನ ಮೇಲೆ ಮೇಲೆಯೇ ಒಣಗಿ, ಉಜ್ಜಿದರೆ ಪುಡಿಯಾಗಿ ಉದುರಿಹೋಯಿತು.

"ಇದು ಸೊಕ್ಕಿನ್ ಕಾಗ್ದ ಕಣಮ್ಮಿ. ಬ್ಯಾಡ."

ಕೆನೆ ಬಣ್ಣದ ದಪ್ಪ ಕಾಗದ ಅರಿಶಿನವನ್ನು ಒಳಕ್ಕೆ ಎಳೆದುಕೊಂಡಿತು. ಉಜ್ಜಿದರೂ ಬಿಡಲಿಲ್ಲ. "ಇದು ಹಿಡೀತದೆ, ಇದ್ರಲ್ಲೇ ಮಾಡು" ಅಂದಳು. ಎಂಥೆಂಥ ಓದಿದವರು ನನ್ನ ಹತ್ತಿರ ಕಾಗದ ಆರಿಸಲು ಬಂದಿದ್ದಾರೆ, ಯಾರೂ ಹೀಗೆ ಆರಿಸಿದ್ದನ್ನು ನಾನು ನೋಡಿರಲಿಲ್ಲ. ಖುಷಿಯಿಂದ ಆ ಕಾಗದದಲ್ಲೇ ಒಂದು ಡಮ್ಮಿ ಮಾಡಿಕೊಟ್ಟೆ. ಡಮ್ಮಿ ಅಂದರೆ ಅಕ್ಷರವಿಲ್ಲದ ಪುಸ್ತಕ. ಅಷ್ಟೇ ಪುಟ, ಅದೇ ಹೊಲಿಗೆ, ಬರೀ ಖಾಲಿ ಹಾಳೆ. ಪುಸ್ತಕ ಕೈಯಲ್ಲಿ ಹೇಗೆ ಕೂರುತ್ತದೆ ಅಂತ ನೋಡೋದಕ್ಕೆ ಮಾಡುತ್ತೇವೆ. ಅವ್ವ ಅದನ್ನು ಎದೆಗೆ ಒತ್ತಿಕೊಂಡು ಒಳಗೆ ತಗೊಂಡು ಹೋದಳು.

ಆ ದಪ್ಪ ಕಾಗದ ಬೇಕಾದಷ್ಟು ಸಿಗಲಿಲ್ಲ. ಮೈಸೂರಿನ ಅಂಗಡಿಯವನು "ತೆಳ್ಳಗಿಂದು ಅದೆ, ತಗೊಂಡೋಗಿ ಮೇಡಂ" ಅಂದ. ತೆಳು ಕಾಗದದಲ್ಲಿ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತದೆ, ನಾನು ಒಲ್ಲೆ ಅಂದೆ. ಮುಂದಿನ ಲೋಡು ಬರಲಿ ಅಂತ ಕಾದೆ. ಕಾಯುತ್ತಾ ಅಕ್ಷರದ ಗಾತ್ರ ಬದಲಾಯಿಸಿದೆ, ರಕ್ಷಾಪುಟದ ಕೆಂಪು ಸರಿಯಿಲ್ಲ ಅಂತ ಮೂರು ಸಲ ಸ್ಕ್ರೀನ್ ತೊಳೆದೆ. ಬೇಸಿಗೆ ಹೋಯಿತು, ನಾಲೆಗೆ ನೀರು ಬಿಟ್ಟರು, ನಾಟಿ ಮುಗಿಯಿತು. ಅವ್ವ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳಿದ ಮೇಲೆ ಮೆಲ್ಲಗೆ ಇನ್ನೊಂದು ಕೇಳುತ್ತಿದ್ದಳು. "ಪುಸ್ತಕ ಬಂತಾ ಮಗಾ?"

ಒಂದು ಸಲ ರೇಗಿಬಿಟ್ಟೆ. "ಅರ್ಜೆಂಟ್ ಮಾಡುದ್ರೆ ಎಲೆಕ್ಷನ್ ಪಾಂಪ್ಲೆಟ್ ಆಯ್ತದೆ ಅಷ್ಟೆಯಾ. ನನ್ನ ಕೆಲ್ಸ ನಂಗೆ ಗೊತ್ತು, ಒಸಿ ಸುಮ್ನಿರವ್ವ!"

"ಆಯ್ತು ಬುಡು," ಅಂದಳು. ಆಮೇಲೆ ಅವಳು ಕೇಳಲೇ ಇಲ್ಲ. ನನ್ನ ಬಾಯಿಗೆ ಮಣ್ಣು ಹಾಕ.

ಗೌರಿ ಹಬ್ಬಕ್ಕೆ ವಾರವಿದೆ ಅನ್ನುವಾಗ, ಬೆಳಗ್ಗೆ ಹಸುವಿಗೆ ಹುಲ್ಲು ಹಾಕಿ ಬಂದು ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಮೂರನೇ ದಿನ ಅವ್ವನ ಸಮಾಧಿಗೆ ಹಾಲುತುಪ್ಪ ಬಿಟ್ಟು ಗದ್ದೆ ಬದುವಿನ ಮೇಲೆ ವಾಪಸ್ ಬರುತ್ತಿದ್ದಾಗ ನನ್ನ ಫೋನು ಹೊಡೆದುಕೊಂಡಿತು, ಮೈಸೂರಿನ ಅಂಗಡಿಯವನು. "ಮೇಡಂ, ನಿಮ್ ಪೇಪರ್ ಬಂದದೆ, ಎಷ್ಟು ರೀಮು ಕಳಿಸ್ಲಿ?" ನಾನು ಬದುವಿನ ಮೇಲೆಯೇ ಕೂತು ಅಳತೊಡಗಿದೆ. ಜೊತೆಯಲ್ಲಿದ್ದ ಹೆಂಗಸರು ಅವ್ವನನ್ನು ನೆನೆದು ಅಳುತ್ತಿದ್ದೇನೆ ಅಂದುಕೊಂಡರು.

ಅವತ್ತು ಸಂಜೆ ಅಣ್ಣ ಅಂದ. "ಕಾರ್ಡು ಬ್ಯಾರೆ ಪುಸ್ತಕ ಬ್ಯಾರೆ ಯಾಕಮ್ಮಿ? ಪುಸ್ತಕದ ಮ್ಯಾಲೇ ಅವ್ವನ ಫೋಟೋ ಹಾಕು, ತಿಥಿ ವಿಚಾರ ಮೊದ್ಲುನೇ ಪುಟದಲ್ಲಿ ಹಾಕ್ಬುಡು. ಒಂದೇ ಸಲಕ್ಕೆ ಎಲ್ಲಾರ್ ಮನೆಗೂ ಅವ್ವನ ಪದ ಹೋಯ್ತದೆ."

ಅವನದು ತಪ್ಪಿಲ್ಲ. ಅವನು ಗದ್ದೆ ಮಾಡುವವನು, ಹಾಲಿನ ಡೈರಿಗೆ ಹೋಗಿ ಬರುವವನು. ಕಾರ್ಡಿನ ಕೆಲಸ ನನ್ನದು. ಆದರೂ ಹೂಂ ಅಂದುಬಿಟ್ಟೆ. ಹೇಗಾದರೂ ಅವ್ವನ ಪುಸ್ತಕ ಹೊರಗೆ ಬರಬೇಕಿತ್ತು, ಬೇರೇನೂ ತಲೆಗೆ ಹೋಗಲಿಲ್ಲ. ಮೈಸೂರಿನಲ್ಲಿ ಕೂತು ಅಚ್ಚು ಹಾಕಿಸಿದೆ. ಪಾಲಹಳ್ಳಿಯ ಜಗಲಿಯ ಮೇಲೆ ಮನೆ ಹೆಂಗಸರೆಲ್ಲ ಸೇರಿ ಹಾಳೆ ಮಡಚಿದರು, ನಾನು ಒಂದೊಂದನ್ನೂ ಮೇಣ ಸವರಿದ ದಾರದಲ್ಲಿ ಹೊಲಿದೆ. ಅವ್ವನ ಪುಸ್ತಕದ ಹೊಲಿಗೆ ಬಿಚ್ಚಿಹೋಗಬಾರದು ಅಂತ ಎರಡೆರಡು ಗಂಟು ಹಾಕಿದೆ. ಎಂಟನೇ ದಿನಕ್ಕೆ ಅಣ್ಣ ಬೈಕಿನಲ್ಲಿ ಹಂಚಲು ಹೊರಟ. ಪುಸ್ತಕದ ಮುಖದ ಮೇಲೆ ಕಪ್ಪು ಗೆರೆಯೊಳಗೆ ಅವ್ವನ ಫೋಟೋ ಇತ್ತು, ಕೆಳಗೆ ಕೈಲಾಸ ಸಮಾರಾಧನೆ ಅಂತ ಇತ್ತು.

ತಿಥಿ ಮುಗಿದ ಮಾರನೇ ದಿನ ಪಾಲಹಳ್ಳಿಯಲ್ಲೇ ದೊಡ್ಡಪ್ಪನ ಮನೆಗೆ ಊಟದ ಪಾತ್ರೆ ವಾಪಸ್ ಕೊಡಲು ಹೋದೆ. ಗೇಟಿನ ಪಕ್ಕ ಚರಂಡಿಯಲ್ಲಿ ಕೆನೆ ಬಣ್ಣದ ಕಾಗದ ಬಿದ್ದಿತ್ತು. ನನ್ನ ಕಾಗದ ನನಗೆ ಗೊತ್ತಾಗದೇ ಇರುತ್ತದೆಯೇ? ಆಚೆ ಮನೆಯ ಬೇಲಿಯಲ್ಲಿ ಇನ್ನೊಂದು ಸಿಕ್ಕಿಕೊಂಡಿತ್ತು. ಅದರ ಹೊಲಿಗೆ ಬಿಟ್ಟಿರಲಿಲ್ಲ. ನಾನು ಎರಡು ಗಂಟು ಹಾಕಿದ್ದೆನಲ್ಲ, ಒಂದೇ ಸಲ ಹರಿಯಲು ಆಗಿಲ್ಲ. ನಾಲ್ಕು ನಾಲ್ಕು ಹಾಳೆ ಹಿಡಿದು, ಕಷ್ಟಪಟ್ಟು ಹರಿದಿದ್ದರು.

ಮೊದಲು ಕೆಂಡಾಮಂಡಲ ಕೋಪ ಬಂತು. ಇವಳ ಪದ ಹೇಳಿಸಿಕೊಂಡು ಮದುವೆ ಆದವರಲ್ಲವೇ ಇವರೆಲ್ಲ ಅಂತ ಮನಸ್ಸಿನಲ್ಲೇ ಬೈದೆ. ಆಮೇಲೆ ಚರಂಡಿಯಿಂದ ರಕ್ಷಾಪುಟ ಎತ್ತಿಕೊಂಡೆ. ಕಪ್ಪು ಗೆರೆ, ಫೋಟೋ, ತಿಥಿ. ಅವರು ಏನು ತಪ್ಪು ಮಾಡಿದ್ದರು? ತಿಥಿ ಕಾರ್ಡಿಗೆ ಏನು ಮಾಡಬೇಕೋ ಅದನ್ನೇ ಮಾಡಿದ್ದರು. ಊರಿಗೆಲ್ಲ ಬುದ್ಧಿ ಹೇಳುವವಳು, ಅವ್ವನ ಪದಗಳನ್ನು ಹೊಸಿಲಾಚೆ ನಿಲ್ಲಿಸಿದವಳು ನಾನೇ.

ಅವ್ವನ ಟ್ರಂಕಿನ ಸೀರೆಗಳನ್ನು ಹಂಚುವಾಗ ಅಣ್ಣನ ಹೆಂಡತಿ ಅಡಿಯಿಂದ ಆ ಡಮ್ಮಿ ತೆಗೆದುಕೊಟ್ಟಳು. ನಾಲ್ಕು ಮೂಲೆಗೂ ಅರಿಶಿನ ಇತ್ತು. ಅವ್ವ ಓದಿದ್ದು ಮೂರನೇ ಕ್ಲಾಸು. ಮೊದಲ ಹಾಳೆಯಲ್ಲಿ ಪೆನ್ಸಿಲಿನಿಂದ, ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ, ಯಾವ ಯಾವ ಮನೆಗೆ ಕೊಡಬೇಕು ಅಂತ ಬರೆದುಕೊಂಡಿದ್ದಳು. ಎಲ್ಲಕ್ಕಿಂತ ಮೇಲೆ ಅಕ್ಕಿಹೆಬ್ಬಾಳಿನ ಅತ್ತಿಗೆ ಅಂತ ಇತ್ತು. ಪಕ್ಕದಲ್ಲಿ, ಕೈಯಲ್ಲೇ ಕೊಡೋದು, ಎಲೆ ಅಡಿಕೆ ಸಮೇತ.

ಉಳಿದ ಕಾಗದದಲ್ಲಿ ಮತ್ತೆ ಅಚ್ಚು ಹಾಕಿಸಿದೆ. ಫೋಟೋ ಇಲ್ಲ, ಕಪ್ಪು ಗೆರೆ ಇಲ್ಲ, ತಿಥಿಯ ಮಾತಿಲ್ಲ. ಒಂದು ಕೆಂಪು ಬಾರ್ಡರು, ಒಳಗೆ ಪದಗಳು. ಒಂದೊಂದರ ಮೂಲೆಗೂ ನಾನೇ ಅರಿಶಿನ ಹಚ್ಚಿದೆ. ಕೆ.ಆರ್. ಪೇಟೆಗೆ ಹೋಗಿ ಬಸ್ಸು ಬದಲಾಯಿಸಿ ಅಕ್ಕಿಹೆಬ್ಬಾಳಿಗೆ ಹೋಗಿದ್ದು ಒಂದು ಮಧ್ಯಾಹ್ನ.

ಅತ್ತೆ ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನನ್ನನ್ನು ನೋಡಿದವಳೇ "ಬಂದ್ಯಾ ನನ್ನವ್ವ" ಅಂತ ತಬ್ಬಿಕೊಂಡು ಅತ್ತಳು. ಎಲೆ ಅಡಿಕೆ ಇಟ್ಟು ಪುಸ್ತಕ ಕೊಟ್ಟೆ. ಇದು ಅವ್ವನ ಪದ ಅಂದೆ.

"ಪದವಾ? ಅವತ್ತು ನಿಮ್ಮಣ್ಣ ಕೊಟ್ಟೋದ್ನಲ್ಲ, ಅದ್ರಲ್ಲೂ ಪದಾನೇ ಇತ್ತಾ?"

"ಹೂಂ ಅತ್ತೆ."

"ಅಯ್ಯೋ ಸಿವನೇ! ಫೋಟೋ ನೋಡ್ದೆ, ಕರುಳು ಕಿತ್ತು ಬಂತು. ಬಿಚ್ಚೇ ನೋಡ್ನಿಲ್ಲ ಕಣವ್ವ. ನೀರೊಲೆಗೆ ಹಾಕ್ಬುಟ್ಟೆ. ಅವ್ಳ ಪದಾವ ನನ್ ಕೈಯಾರೆ ಸುಟ್ಬುಟ್ನಲ್ಲಾ!"

ನಿನ್ನ ತಪ್ಪಲ್ಲ, ನನ್ನ ತಪ್ಪು ಅಂತ ಹೇಳಿದೆ. ಅವಳಿಗೆ ಕೇಳಿಸಿತೋ ಇಲ್ಲವೋ. ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕ ತಗೊಂಡಳು, ಮೂಲೆಯ ಅರಿಶಿನವನ್ನು ಹೆಬ್ಬೆರಳಿನಿಂದ ಉಜ್ಜಿದಳು. ಅದು ಬಿಡಲಿಲ್ಲ. ಓದಲು ಬರದ ಅತ್ತೆ ಪುಸ್ತಕವನ್ನು ನನಗೇ ವಾಪಸ್ ಕೊಟ್ಟು "ಒಂದೇಳು" ಅಂದಳು. ನನಗೆ ರಾಗ ಬರೋದಿಲ್ಲ. ಹೆಣ್ಣು ಒಪ್ಪಿಸುವ ಪದದ ಮೊದಲ ಸಾಲನ್ನು ಪೇಪರ್ ಓದುವಂತೆ ಓದಿದೆ. ಅತ್ತೆ ಅಭ್ಯಾಸಬಲದಿಂದ ಅದೇ ಸಾಲನ್ನು ಹಿಂದೆ ಹೇಳಿದಳು, ರಾಗವಾಗಿ. ಎರಡನೇ ಸಾಲು ಓದಿದೆ, ಅದನ್ನೂ ಹೇಳಿದಳು. ಮೂರನೆಯದನ್ನು ಓದುವ ಮೊದಲೇ ಕೈ ಚಾಚಿದಳು.

ಪುಸ್ತಕವನ್ನು ಮತ್ತೆ ನನ್ನ ಕೈಯಿಂದ ತಗೊಂಡು, ತಿರುಗಿಸಿ ಮುರುಗಿಸಿ ನೋಡಿ, ಹಾಳೆಯ ಮೇಲೆ ಅಂಗೈ ಆಡಿಸಿದಳು.

"ಎಷ್ಟು ಚೆಂದಾಗಿ ಮಾಡಿದ್ದೀಯೆ. ನಿಮ್ಮವ್ವ ನೋಡುದ್ಲಾ ಇದ?"

"ಖಾಲಿ ಹಾಳೆ ನೋಡುದ್ಲು ಅತ್ತೆ," ಅಂದೆ. "ಅಕ್ಷರ ನೋಡ್ನಿಲ್ಲ."