ಎರಡು ಕಣ್ಣಿನ ಕ್ಯಾಮೆರಾದವನು
ವೆರ್ದನ್ ರಣರಂಗದ ಕಂದಕಗಳ ಹಿಂದಿನ ನಮ್ಮ ಸೈನಿಕರ ಬಿಡಾರದಲ್ಲಿ ಯಾರೇ ಕ್ಷೌರಕ್ಕೆ ಕೂರಲಿ, ಅಂಗಿಯ ಹೇನು ಹೆಕ್ಕಲಿ, ಅನ್ಸೆಲ್ಮ್ ತನ್ನ ಎರಡು ಕಣ್ಣಿನ ಕ್ಯಾಮೆರಾ ಹಿಡಿದು ಹಾಜರು. ಎದುರಿಗೊಂದು ಸೂಪಿನ ಬಕೆಟ್ ಇಡದೆ ಅವನು ಫೋಟೋ ತೆಗೆಯುವವನೇ ಅಲ್ಲ. “ಹತ್ತಿರ ಏನಾದ್ರೂ ಇದ್ರೇನೇ ಕಣ್ರೋ, ಹಿಂದಿರೋದು ದೂರ ಅಂತ ಕಾಣೋದು!” ಜನರಲ್ ಬಂದಾಗಲೂ ಬಕೆಟ್ ಇಟ್ಟ. “ಸೂಪು ಆರೋಗುತ್ತೆ, ಕೊಡೋ ಪುಣ್ಯಾತ್ಮ!” ಎಂದು ಅಡುಗೆಯ ಬಾರ್ನಬೆ ರೇಗಿದರೂ ಕೇಳಲಿಲ್ಲ. ಆಮೇಲೆ ಗಾಜಿನ ಮೇಲೆ ಅಕ್ಕಪಕ್ಕ ಮೂಡಿದ ಜೋಡಿಚಿತ್ರವನ್ನು, ಎರಡೂ ಕಣ್ಣಿಟ್ಟು ನೋಡಿದರೆ ನಿಜದಂತೆ ಎದ್ದು ಕಾಣಿಸುವ ಪೆಟ್ಟಿಗೆಗೆ ತೂರಿಸಿ ಎಲ್ಲರ ಕಣ್ಣಿಗೂ ಹಿಡಿಯುತ್ತಾನೆ: “ಎದ್ದು ಬಂತಾ?” “ಬಕೆಟ್ ಮೂಗಿಗೇ ಬಡೀತು ಮಾರಾಯ!” ಎಂದರೆ ಕುಣಿದಾಡುತ್ತಾನೆ. ತಾನು ಮಾತ್ರ ಇಣುಕುವುದಿಲ್ಲ. ಹೋದ ವರ್ಷ ಸಿಡಿದ ಗುಂಡಿನ ಚೂರು ಅವನ ಬಲಗಣ್ಣನ್ನು ಕಿತ್ತುಕೊಂಡಿದೆ. ಉಳಿದ ಒಂದೇ ಕಣ್ಣಿಗೆ ಆ ಚಿತ್ರಗಳೆಲ್ಲ ಬರೀ ಚಪ್ಪಟೆ. ನಿನ್ನೆ ರಜೆ ಮುಗಿಸಿ ಬಂದವನು ತನ್ನ ಪುಟ್ಟ ಮಗಳ ಚಿತ್ರವನ್ನು ಪೆಟ್ಟಿಗೆಗೆ ತೂರಿಸಿ ನನಗೆ ಕೊಟ್ಟ. ಅದರಲ್ಲಿ ಬಕೆಟ್ ಇರಲಿಲ್ಲ, ಅದರ ಜಾಗದಲ್ಲಿ ಅವಳು ಕ್ಯಾಮೆರಾದತ್ತ ಚಾಚಿದ ಕೈ ಇತ್ತು. “ಅವಳ ಕೈ ಎಷ್ಟು ಹತ್ತಿರ ಬಂದಿದೆ,” ಎಂದ, “ನೋಡಿ ಹೇಳೋ.”