ಸುಳ್ಳು ಕಾರ್ಡಿನ ಬೋಣಿ

ಇವತ್ತು ನನ್ನ ಅವಸ್ಥೆ ಕೇಳಿ ಮಾರಾಯ್ರೆ. ಕುದ್ರೋಳಿಯ ಹಮೀದ್ ಕಾಕನ ಹಲ್ವದಂಗಡಿಯ ವೆಬ್‌ಸೈಟಿಗೆ ಕಾರ್ಡ್ ಪೇಮೆಂಟಿನ ರೆಡಿಮೇಡ್ ಕೋಡ್ ಲೈಬ್ರರಿ ಜೋಡಿಸಿದ್ದೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅಲ್ಲೇ ಕೂತು, ಲೈಬ್ರರಿಯವರೇ ಪರೀಕ್ಷೆಗೆಂದು ಕೊಟ್ಟ ಸುಳ್ಳು ಕಾರ್ಡ್ ನಂಬರ್ ಹಾಕಿ ಅರ್ಧ ಕಿಲೋ ಹಲ್ವ ಆರ್ಡರ್ ಮಾಡಿದೆ. ಕಾಕನ ಮೊಬೈಲ್ ಟಿಣ್ ಅಂತು. ಅವರು ಹಲ್ವ ಕತ್ತರಿಸಲು ಶುರು!

"ಕಾಕ, ಇದು ಬರೀ ಟೆಸ್ಟ್. ಹಣ ಬರುವುದಿಲ್ಲ, ಕ್ಯಾನ್ಸಲ್ ಮಾಡ್ತೇನೆ."

"ಬೋಣಿ ಕ್ಯಾನ್ಸಲ್ ಮಾಡ್ಲಿಕ್ಕುಂಟಾ ಮಾರಾಯ್ತಿ? ದಿನದ ಮೊದಲ ವ್ಯಾಪಾರ! ಕಾರ್ಡ್ ಸುಳ್ಳಾದ್ರೆ ಎಂತ, ಹಲ್ವ ಸತ್ಯ ಅಲ್ವಾ? ಕ್ಯಾಶ್ ಕೊಡು."

ಕೊಟ್ಟೆ. ನಾಳೆ ರೀಫಂಡ್ ಟೆಸ್ಟ್ ಮಾಡಬೇಕು. ಬೇರೆ ಯಾರಾದರೂ ಬಂದು ಹಲ್ವ ಕೊಂಡುಹೋಗುವವರೆಗೆ ನಾನು ಲ್ಯಾಪ್‌ಟಾಪನ್ನು ಬ್ಯಾಗಿನಿಂದ ಹೊರಗೇ ತೆಗೆಯುವುದಿಲ್ಲ.