ಮೂರು ದಾಖಲೆ ಹೇಳಿದ ಮನೆ

ಕಲ್ಲುಕೋರೆಯ ಧಣಿಗೆ ಕೋರ್ಟು ಕಳಿಸಿದ ನೋಟೀಸು ಎರಡು ಸಲ ಹಿಂದೆ ಬಂತು. ಕೇಸು ಹಾಕಿದ ಐಸಮ್ಮ, ಅವನ ಕೋರೆಯ ಸ್ಫೋಟಕ್ಕೆ ಮನೆಯ ಗೋಡೆ ಬಿರಿದು, ಮಕ್ಕಳೊಂದಿಗೆ ಅಂಗಳದಲ್ಲಿ ಮಲಗುತ್ತಿದ್ದಳು. ಮೂರನೆಯದೂ ಮರಳಿದರೆ ಕೇಸು ಬಿದ್ದ ಹಾಗೆಯೇ ಎಂದರು ಅವಳ ವಕೀಲರು. ಧಣಿಯ ವಿಳಾಸ ಹುಡುಕುವ ಕೆಲಸ ಅವರ ಗುಮಾಸ್ತನಾದ ನನ್ನ ಪಾಲಿಗೆ ಬಂತು. ಬಂಡೆ ಒಡೆಯುವಾಗ ಊರಿಗೆಲ್ಲ ಕೇಳಿಸುವವನು ನೋಟೀಸು ಬಂದರೆ ಎಲ್ಲೂ ಇಲ್ಲ!

ಬಂಟ್ವಾಳದ ತಾಲೂಕು ಕಚೇರಿಯಲ್ಲಿ ಮತದಾರರ ಪಟ್ಟಿ ತಿರುವಿದೆ, ಪಹಣಿ ತೆಗೆಸಿದೆ. ಮೂಡುಬಿದಿರೆಯ ಸೈಬರ್ ಕೆಫೆಯಲ್ಲಿ ಕೂತು ಅವನ ಹೆಸರು ಹುಡುಕಿದೆ. ಮೂರೂ ಪುಂಜಾಲಕಟ್ಟೆ ಹತ್ತಿರದ ಒಂದೇ ಮನೆ ತೋರಿಸಿದವು. ಗೆದ್ದೆನೆಂದು ಹೋದರೆ ಬಾಗಿಲಿಗೆ ಬೀಗ.

ಪಕ್ಕದ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಅಕ್ಕ ನಕ್ಕರು. "ಅದು ಅವರ ತಾಯಿಯ ಕುಟುಂಬದ ಮನೆ ಮಾರಾಯ್ರೇ. ಅಲ್ಲಿ ದೈವ ಮಾತ್ರ ಇರುವುದು."

"ಹಾಗಾದರೆ ಧಣಿ ಇರುವುದೆಲ್ಲಿ?"

"ಹೆಂಡತಿ ಮನೆಯಲ್ಲಂತೆ, ಊರು ಗೊತ್ತಿಲ್ಲ. ಸಂಕ್ರಮಣಕ್ಕೆ ದೀಪ ಇಡ್ಲಿಕ್ಕೆ ಬರ್ತಾರೆ. ಅದು ತಪ್ಪಿಸುವ ಧೈರ್ಯ ಅವರಿಗೆ ಉಂಟಾ?"

ಸಂಕ್ರಮಣದಂದು ನೋಟೀಸು ಮುಟ್ಟಿಸುವ ಕೋರ್ಟಿನ ಅಮೀನರನ್ನು ಕರೆದುಕೊಂಡು ಹೋದೆ. ಧಣಿ ದೈವದ ಮುಂದೆ ದೀಪ ಹಚ್ಚುತ್ತಿದ್ದ. ಅಮೀನರು ಹೆಸರು ಹಿಡಿದು, "ನೀವೇನಾ?" ಎಂದರು. ಅವನು ನನ್ನನ್ನು ನುಂಗುವಂತೆ ನೋಡಿದ, ಆಮೇಲೆ ದೈವದ ಕಡೆ ನೋಡಿದ. ಅಲ್ಲಿ ನಿಂತು ಸುಳ್ಳು ಹೇಳಲಾಗದೆ ಸಹಿ ಹಾಕಿದ.

ದೈವ ದೇವರೆಂದರೆ ಸಿಡುಕುವವ ನಾನು. ಆ ದಿನ ಮಾತ್ರ ಕೈಮುಗಿದೆ. ಅಷ್ಟೂ ದಾಖಲೆಗಳಲ್ಲಿ ಹೇಳಿದ ವಿಳಾಸದಲ್ಲೇ ವಾಸವಿದ್ದದ್ದು ದೈವ ಒಂದೇ. ಅದರ ಹೆಸರು ಮತದಾರರ ಪಟ್ಟಿಯಲ್ಲೇ ಇರಲಿಲ್ಲ.